ಅರೆಕ್ಷಣದ ಯಂತ್ರಶಿಲ್ಪಿ ಆಸ್ಕರ್ ಬಾರ್ನಾಕ್

ಸುವರ್ಣ ಮಹೋತ್ಸವದ ಸಂಚಿಕೆಗೆಂದು ಶಾಲೆಯ ಹಳೆಯ ಛಾಯಾಚಿತ್ರಗಳನ್ನು ಕಲೆಹಾಕುವ ಕಾರ್ಯದಲ್ಲಿ ನಾನೂ ಒಂದು ದಿನ ಕೈಜೋಡಿಸಿದ್ದೆ. ವಾರ್ಷಿಕೋತ್ಸವದ ಗುಂಪುಚಿತ್ರಗಳು, ಬೀಳ್ಕೊಡುಗೆಯ ಚಿತ್ರಗಳು, ಯಕ್ಷಗಾನ ವೇಷ ತೊಟ್ಟ ಮಕ್ಕಳ ಚಿತ್ರಗಳು, ಇವುಗಳ ನಡುವೆ ನಾನು ಮರೆತಿದ್ದ ಒಂದು ಚಿತ್ರ ಕೈಗೆ ಬಂತು. ನಾನು ಸೇವೆಯಲ್ಲಿದ್ದ ಕಾಲದ ಕ್ರೀಡೋತ್ಸವವೊಂದರಲ್ಲಿ ನೂರು ಮೀಟರ್ ಓಟದ ಕೊನೆಯ ಗೆರೆಯನ್ನು ತೋರಿಸುವ ಚಿತ್ರ ಅದು. ಎರಡನೆಯವನೂ ಮೂರನೆಯವನೂ ಅದರಲ್ಲಿ ಸ್ಪಷ್ಟವಾಗಿ ಕಾಣುತ್ತಾರೆ. ಗೆದ್ದ ಹುಡುಗನದು ಮಾತ್ರ ಚಿತ್ರದ ಅಂಚಿನಲ್ಲಿ ಒಂದು ಬರಿಗಾಲಿನ ಹಿಮ್ಮಡಿಯಷ್ಟೇ ಉಳಿದಿದೆ.

ಆ ಹುಡುಗ ಅದುವರೆಗೆ ಯಾವ ಸ್ಪರ್ಧೆಯಲ್ಲಿಯೂ ಬಹುಮಾನ ಪಡೆದವನಲ್ಲ. ಅವನ ತಾಯಿ ಒಂದು ವಾರ ಕಳೆದು ಶಾಲೆಗೆ ಬಂದು, ಮಗನ ಚಿತ್ರವನ್ನು ಒಮ್ಮೆ ನೋಡಬಹುದೇ ಎಂದು ಕೇಳಿದಾಗ ನನಗೆ ತೋರಿಸಲು ಏನೂ ಇರಲಿಲ್ಲ. ಆ ಸಂಕಟದಲ್ಲಿ ನಾನು ಛಾಯಾಗ್ರಾಹಕರನ್ನು ಕರೆಸಿ, ಕೆಲಸದಲ್ಲಿ ಗಮನವಿಲ್ಲವೆಂದು ನಾಲ್ಕು ಜನರೆದುರು ಗದರಿಸಿದೆ. ಅವರು ತಲೆತಗ್ಗಿಸಿ, ತಾನು ಸರಿಯಾದ ಹೊತ್ತಿಗೇ ಗುಂಡಿ ಒತ್ತಿದ್ದಾಗಿ ಹೇಳಿದರು. ನಾನು ನಂಬಲಿಲ್ಲ. ಅವರು ಹೇಳಿದ್ದು ಸತ್ಯವಾಗಿತ್ತೆಂಬುದು ನನಗೆ ತಿಳಿದದ್ದು ನಿವೃತ್ತಿಯ ಅನಂತರ, ಆಸ್ಕರ್ ಬಾರ್ನಾಕ್ ಎಂಬ ಜರ್ಮನ್ ಯಂತ್ರಕುಶಲಿಯ ಜೀವನವನ್ನು ಓದಿದ ಮೇಲೆ. ಆ ಮಹನೀಯನ ಬದುಕನ್ನು ನಮ್ಮ ಹಳೆಯ ವಿದ್ಯಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಆಸ್ಕರ್ ಬಾರ್ನಾಕ್ ಹುಟ್ಟಿದ್ದು 1879ರ ನವೆಂಬರ್ 1ರಂದು, ಬರ್ಲಿನ್ ನಗರದ ದಕ್ಷಿಣಕ್ಕೆ ಬ್ರಾಂಡೆನ್‌ಬುರ್ಗ್ ಪ್ರಾಂತದಲ್ಲಿರುವ ಲಿನೋ ಎಂಬ ಹಳ್ಳಿಯಲ್ಲಿ. ವಿಶ್ವವಿದ್ಯಾನಿಲಯದ ಮೆಟ್ಟಿಲನ್ನು ಆತ ಹತ್ತಿದವನಲ್ಲ. ಬಾಲ್ಯ ಕಳೆಯುತ್ತಲೇ ಬರ್ಲಿನ್ನಿನ ಬಳಿಯ ಲಿಖ್ಟರ್‌ಫೆಲ್ಡೆಯಲ್ಲಿ ಸೂಕ್ಷ್ಮ ಯಂತ್ರೋಪಕರಣಗಳನ್ನು ತಯಾರಿಸುವ ಕುಶಲಕರ್ಮಿಯೊಬ್ಬನ ಕೈಕೆಳಗೆ ಕಸಬು ಕಲಿಯಲು ಸೇರಿದ. ಕಸಬು ಕೈವಶವಾದ ಮೇಲೆ, ಆ ಕಾಲದ ಜರ್ಮನ್ ಪದ್ಧತಿಯಂತೆ ಊರಿಂದೂರಿಗೆ ಹೋಗಿ ಬೇರೆ ಬೇರೆ ಕಾರ್ಯಾಗಾರಗಳಲ್ಲಿ ದುಡಿದು ಅನುಭವ ಗಳಿಸಿದ. ನಮ್ಮ ನಾಡಿನಲ್ಲಿ ಬಡಗಿಯ ಮಗ ಉಳಿ ಹಿಡಿದು ಕಲಿಯುವಂತೆ ಆತ ಕಣ್ಣಿನಿಂದಲೂ ಬೆರಳಿನಿಂದಲೂ ಕಲಿತವನು. ಕೂದಲೆಳೆಯಷ್ಟು ವ್ಯತ್ಯಾಸವನ್ನೂ ಸಹಿಸದ ಲೋಹದ ಕೆಲಸ ಆತನಿಗೆ ಸಹಜವಾಯಿತು.

1902ರಲ್ಲಿ ಆತ ಯೇನಾ ನಗರದ ಪ್ರಸಿದ್ಧ ಕಾರ್ಲ್ ಝೈಸ್ ಸಂಸ್ಥೆಯನ್ನು ಸೇರಿದ. ಸೂಕ್ಷ್ಮದರ್ಶಕಗಳಿಗೂ ಮಸೂರಗಳಿಗೂ ಜಗತ್ತಿನಲ್ಲೇ ಹೆಸರಾಂತ ಸಂಸ್ಥೆಯದು. ಯೇನಾದ ಸುತ್ತಲಿನ ಬೆಟ್ಟಕಾಡುಗಳಲ್ಲಿ ಅಲೆಯುವುದೂ ಅಲ್ಲಿನ ನೋಟಗಳನ್ನು ಚಿತ್ರದಲ್ಲಿ ಸೆರೆಹಿಡಿಯುವುದೂ ಬಾರ್ನಾಕ್‌ನಿಗೆ ಅತ್ಯಂತ ಪ್ರಿಯವಾದ ಹವ್ಯಾಸವಾಗಿತ್ತು. ಆದರೆ ವಿಧಿ ಆತನಿಗೆ ಎರಡು ಅಡ್ಡಿಗಳನ್ನಿಟ್ಟಿತ್ತು. ಒಂದು, ಜೀವನಪರ್ಯಂತ ಬಿಡದ ಉಬ್ಬಸ. ಇನ್ನೊಂದು, ಆ ಕಾಲದ ಕ್ಯಾಮೆರಾದ ಭಾರ.

13 ಸೆಂಟಿಮೀಟರ್ ಅಗಲ, 18 ಸೆಂಟಿಮೀಟರ್ ಉದ್ದದ ಗಾಜಿನ ಫಲಕಗಳನ್ನು ಬಳಸುವ ಪೆಟ್ಟಿಗೆ ಕ್ಯಾಮೆರಾ ಆತನದು. ಪೆಟ್ಟಿಗೆ, ಫಲಕಗಳನ್ನಿಡುವ ಚೌಕಟ್ಟುಗಳು, ಮೂರು ಕಾಲಿನ ಮರದ ಸ್ಟ್ಯಾಂಡು ಇವೆಲ್ಲವನ್ನೂ ಹೊತ್ತು ಗುಡ್ಡವೇರುವುದು ಆರೋಗ್ಯವಂತನಿಗೇ ಶ್ರಮ. ಏದುಸಿರಿನ ರೋಗಿಗೆ ಅದು ದಂಡನೆಯೇ ಸರಿ. ಹೊತ್ತು ತಂದ ಮೇಲೂ ಕೆಲಸ ಮುಗಿಯುತ್ತಿರಲಿಲ್ಲ. ಸ್ಟ್ಯಾಂಡು ಹೂಡಬೇಕು, ಕರಿಬಟ್ಟೆಯೊಳಗೆ ತಲೆಯಿಟ್ಟು ಮಬ್ಬುಗಾಜಿನ ಮೇಲೆ ತಲೆಕೆಳಗಾಗಿ ಬೀಳುವ ಬಿಂಬವನ್ನು ಸ್ಪಷ್ಟಗೊಳಿಸಬೇಕು, ಮಬ್ಬುಗಾಜನ್ನು ಸರಿಸಿ ಫಲಕವನ್ನು ತೂರಿಸಬೇಕು, ಅದರ ಮುಚ್ಚಳವನ್ನು ಎಳೆಯಬೇಕು, ಆಮೇಲೆಯೇ ಶಟರಿನ ಮಾತು. ಅಷ್ಟರಲ್ಲಿ ಮೋಡ ಸರಿದಿರುತ್ತಿತ್ತು, ಹಕ್ಕಿ ಹಾರಿರುತ್ತಿತ್ತು, ನಗುತ್ತಿದ್ದ ಮಗು ಅಳತೊಡಗಿರುತ್ತಿತ್ತು. ನಮ್ಮ ಹಿರಿಯರ ಭಾವಚಿತ್ರಗಳಲ್ಲಿ ಎಲ್ಲರೂ ಕಂಬದಂತೆ ಬಿಗಿದು ನಿಂತಿರುವುದರ ಗುಟ್ಟೂ ಇದೇ. ಆ ಯಂತ್ರ ಮನುಷ್ಯನಿಗಾಗಿ ಕಾಯುತ್ತಿರಲಿಲ್ಲ, ಮನುಷ್ಯನೇ ಯಂತ್ರಕ್ಕಾಗಿ ಕಾಯಬೇಕಿತ್ತು.

ಈ ಭಾರವನ್ನು ಇಳಿಸುವುದು ಹೇಗೆಂದು ಬಾರ್ನಾಕ್ 1905ರ ಸುಮಾರಿಗೇ ಯೋಚಿಸಿದ್ದ. ಒಂದು ದೊಡ್ಡ ಫಲಕದ ಮೇಲೆ ಹದಿನೈದಿಪ್ಪತ್ತು ಚಿಕ್ಕ ಚಿತ್ರಗಳನ್ನು ತೆಗೆದು ಅನಂತರ ಹಿಗ್ಗಿಸಿ ಮುದ್ರಿಸಲು ಪ್ರಯತ್ನಿಸಿದ. ಫಲಕದ ಲೇಪದ ಕಣಗಳು ಒರಟಾಗಿದ್ದುದರಿಂದ ಹಿಗ್ಗಿಸಿದ ಚಿತ್ರ ಚೆನ್ನಾಗಿ ಬರಲಿಲ್ಲ. ಪ್ರಯೋಗ ಸೋತಿತು. ಆದರೆ ಚಿಕ್ಕ ಮೂಲಚಿತ್ರ, ದೊಡ್ಡ ಪ್ರತಿ ಎಂಬ ಆಲೋಚನೆ ಆತನ ಮನಸ್ಸಿನಲ್ಲಿ ಬೇರೂರಿತು.

ಯೇನಾದಲ್ಲಿ ಆತನ ಸಹೋದ್ಯೋಗಿಯಾಗಿದ್ದ ಎಮಿಲ್ ಮೆಖಾವ್ ಎಂಬವರು ವೆಟ್ಸ್ಲರ್ ಎಂಬ ಸಣ್ಣ ಪಟ್ಟಣದ ಅರ್ನ್ಸ್ಟ್ ಲೈಟ್ಸ್ ಸಂಸ್ಥೆಗೆ ಹೋಗಿದ್ದರು. ಅದೂ ಸೂಕ್ಷ್ಮದರ್ಶಕಗಳ ಕಾರ್ಖಾನೆಯೇ. ಮೆಖಾವ್ ತನ್ನ ಗೆಳೆಯನ ಹೆಸರನ್ನು ಅಲ್ಲಿ ಸೂಚಿಸಿದರು. ಪದೇ ಪದೇ ಕಾಯಿಲೆ ಬೀಳುವ ತನ್ನಂಥವನನ್ನು ಯಾರು ನೇಮಿಸಿಕೊಂಡಾರು ಎಂಬ ಅಳುಕು ಬಾರ್ನಾಕ್‌ನನ್ನು ಕಾಡಿತು. ಸಂಸ್ಥೆಯವರು ಕಾಯಿಲೆಯನ್ನು ನೋಡಲಿಲ್ಲ, ಕೈಗುಣವನ್ನು ನೋಡಿದರು. 1911ರಲ್ಲಿ ಆತ ಅಲ್ಲಿನ ಪ್ರಯೋಗ ವಿಭಾಗದ ಮುಖ್ಯಸ್ಥನಾದ. ಒಬ್ಬ ರೋಗಿಷ್ಠ ಕೆಲಸಗಾರನ ಮೇಲೆ ಇಟ್ಟ ಆ ವಿಶ್ವಾಸವೇ ಮುಂದೆ ಸಂಸ್ಥೆಯ ಹೆಸರನ್ನು ಲೋಕದ ಮೂಲೆಮೂಲೆಗೆ ಒಯ್ದಿತೆಂಬುದನ್ನು ಶಿಕ್ಷಕರಾದವರು ವಿಶೇಷವಾಗಿ ಗಮನಿಸಬೇಕು.

ಆ ಹೊತ್ತಿಗೆ ಚಲನಚಿತ್ರ ಜಗತ್ತನ್ನು ಆವರಿಸುತ್ತಿತ್ತು. 35 ಮಿಲಿಮೀಟರ್ ಅಗಲದ, ಎರಡು ಅಂಚಿನಲ್ಲಿಯೂ ರಂಧ್ರಗಳುಳ್ಳ ಸಿನಿಮಾ ಫಿಲಂ ಸುಲಭವಾಗಿ ದೊರೆಯುತ್ತಿತ್ತು. ಬಾರ್ನಾಕ್ ಅದನ್ನೇ ತನ್ನ ಪುಟ್ಟ ಕ್ಯಾಮೆರಾಕ್ಕೆ ಆರಿಸಿಕೊಂಡ. ಸಿನಿಮಾದಲ್ಲಿ ಒಂದೊಂದು ಚಿತ್ರದ ಅಳತೆ 18 ಮತ್ತು 24 ಮಿಲಿಮೀಟರ್. ಫಿಲಂ ಅಲ್ಲಿ ಮೇಲಿನಿಂದ ಕೆಳಕ್ಕೆ ಓಡುತ್ತದೆ. ಬಾರ್ನಾಕ್ ಫಿಲಮನ್ನು ಅಡ್ಡಲಾಗಿ ಓಡಿಸಿ, ಎರಡು ಸಿನಿಮಾ ಚಿತ್ರಗಳ ಜಾಗವನ್ನು ಒಂದಾಗಿ ಕೂಡಿಸಿ, 24 ಮತ್ತು 36 ಮಿಲಿಮೀಟರ್ ಅಳತೆಯ ಚೌಕಟ್ಟನ್ನು ಗೊತ್ತುಮಾಡಿದ. ಇಂದಿನ ಡಿಜಿಟಲ್ ಕ್ಯಾಮೆರಾಗಳಲ್ಲಿಯೂ ಪೂರ್ಣ ಚೌಕಟ್ಟು ಎಂದರೆ ಇದೇ ಅಳತೆ. ಉಬ್ಬಸದ ರೋಗಿಯೊಬ್ಬ ತನ್ನ ಅನುಕೂಲಕ್ಕೆ ಮಾಡಿಕೊಂಡ ಲೆಕ್ಕ ನೂರು ವರ್ಷ ಮೀರಿ ಬಾಳಿದೆ.

1913–14ರ ಸುಮಾರಿಗೆ ಅಂಗೈಯಲ್ಲಿ ಹಿಡಿಯಬಹುದಾದ ಲೋಹದ ಕ್ಯಾಮೆರಾ ಸಿದ್ಧವಾಯಿತು. ಕೋಟಿನ ಜೇಬಿನಲ್ಲಿ ಅಡಗುವಷ್ಟು ಚಿಕ್ಕದಾದುದರಿಂದ ಅದನ್ನು ಲಿಲಿಪುಟ್ ಎಂದು ಕರೆದರು. ಅದರಲ್ಲಿ ಒಂದು ಜಾಣತನವಿತ್ತು. ಫಿಲಮನ್ನು ಮುಂದಕ್ಕೆ ಸುತ್ತುವ ತಿರುಪೇ ಶಟರನ್ನೂ ಬಿಗಿಗೊಳಿಸುತ್ತಿತ್ತು. ಒಂದೇ ತಿರುಪಿನಿಂದ ಎರಡು ಕೆಲಸವೂ ಆಗಿ, ಮರೆವಿನಿಂದ ಒಂದರ ಮೇಲೊಂದು ಚಿತ್ರ ಬೀಳುವ ಪ್ರಮಾದ ತಪ್ಪಿತು. ಅದನ್ನು ಹಿಡಿದು ಆತ ವೆಟ್ಸ್ಲರ್ ಪಟ್ಟಣದ ಹಳೆಯ ಮರದ ಚೌಕಟ್ಟಿನ ಮನೆಗಳನ್ನೂ ತನ್ನ ಮಕ್ಕಳನ್ನೂ ಚಿತ್ರಿಸಿದ. 1914ರ ಆಗಸ್ಟ್ ತಿಂಗಳಲ್ಲಿ ಮಹಾಯುದ್ಧದ ಸೈನ್ಯ ಸಜ್ಜುಗೊಳಿಸುವ ಆಜ್ಞೆಯನ್ನು ಬೀದಿಯಲ್ಲಿ ಅಂಟಿಸಿದ ಯೋಧನನ್ನು ಚಿತ್ರಿಸಿದ. 1920ರಲ್ಲಿ ಲಾನ್ ನದಿ ಉಕ್ಕಿ ಊರಿಗೆ ನೀರು ನುಗ್ಗಿದಾಗ ಆ ನೆರೆಯನ್ನು ಒಂದರ ಹಿಂದೊಂದಾಗಿ ಹಲವು ಚಿತ್ರಗಳಲ್ಲಿ ದಾಖಲಿಸಿದ. ವಾರ್ತಾಚಿತ್ರಗಾರಿಕೆ ಎಂದು ನಾವು ಇಂದು ಕರೆಯುವ ಕಲೆಯ ಮೊದಲ ಹೆಜ್ಜೆಗಳಲ್ಲಿ ಇವೂ ಸೇರಿವೆ.

ಆದರೆ ಯುದ್ಧ ಎಲ್ಲವನ್ನೂ ತಡೆಯಿತು. ಯುದ್ಧದ ಹಿಂದೆಯೇ ಬಂದ ಹಣದುಬ್ಬರ ಜರ್ಮನಿಯನ್ನು ಹಿಂಡಿತು. 1923ರಲ್ಲಿ ರೊಟ್ಟಿಗೂ ಕಟ್ಟುಗಟ್ಟಲೆ ನೋಟು ಕೊಡಬೇಕಾದ ಸ್ಥಿತಿ ಅಲ್ಲಿತ್ತು. ಹತ್ತು ವರ್ಷ ಬಾರ್ನಾಕ್‌ನ ಕ್ಯಾಮೆರಾ ಕಾರ್ಖಾನೆಯ ಕಪಾಟಿನಿಂದ ಪೇಟೆಗೆ ಬರಲಿಲ್ಲ. ಆತ ಮಾತ್ರ ಬೇಸರಿಸದೆ ತಿದ್ದುತ್ತಲೇ ಇದ್ದ. ಇತ್ತ ಮ್ಯಾಕ್ಸ್ ಬೆರೆಕ್ ಎಂಬ ವಿಜ್ಞಾನಿ ಆ ಪುಟ್ಟ ಚೌಕಟ್ಟಿಗೆ ತಕ್ಕ 50 ಮಿಲಿಮೀಟರಿನ ಮಸೂರವನ್ನು ರೂಪಿಸಿದರು. 1923ರಲ್ಲಿ ಸುಮಾರು ಎರಡು ಡಜನಿನಷ್ಟು ಕ್ಯಾಮೆರಾಗಳನ್ನು ಪರೀಕ್ಷೆಗಾಗಿ ತಯಾರಿಸಿ ಬಲ್ಲವರ ಕೈಗೆ ಕೊಡಲಾಯಿತು. ಬಂದ ಅಭಿಪ್ರಾಯಗಳು ಮಿಶ್ರವಾಗಿದ್ದವು. ಇಷ್ಟು ಚಿಕ್ಕ ಫಿಲಮಿನಿಂದ ಒಳ್ಳೆಯ ಚಿತ್ರ ಬಾರದೆಂದು ವೃತ್ತಿನಿರತರು ಅನೇಕರು ತಿರಸ್ಕರಿಸಿದರು.

1924ರಲ್ಲಿ ಸಂಸ್ಥೆಯ ಹಿರಿಯರು ಸಭೆ ಸೇರಿ ಗಂಟೆಗಟ್ಟಲೆ ಚರ್ಚಿಸಿದರು. ಸಭೆಯಲ್ಲಿದ್ದ ಬಹುಮಂದಿಗೆ ಅನುಮಾನ. ತಂದೆಯ ಮರಣಾನಂತರ ಸಂಸ್ಥೆಯ ಹೊಣೆ ಹೊತ್ತಿದ್ದ ಎರಡನೆಯ ಅರ್ನ್ಸ್ಟ್ ಲೈಟ್ಸ್, ಲಾಭನಷ್ಟದ ಭರವಸೆಯಿಲ್ಲದಿದ್ದರೂ ಕ್ಯಾಮೆರಾವನ್ನು ತಯಾರಿಸುವುದೆಂದು ನಿರ್ಧರಿಸಿದರು. ಸೂಕ್ಷ್ಮದರ್ಶಕಗಳ ಮಾರಾಟ ಕುಗ್ಗಿದಾಗ ಕೆಲಸಗಾರರ ಅನ್ನಕ್ಕೆ ಇನ್ನೊಂದು ದಾರಿ ಬೇಕೆಂಬ ಕಳಕಳಿಯೂ ಆ ನಿರ್ಧಾರದ ಹಿಂದಿತ್ತು. 1925ರ ವಸಂತಕಾಲದ ಲೈಪ್‌ಜಿಗ್ ಜಾತ್ರೆಯಲ್ಲಿ ಅದು ಜನರ ಮುಂದೆ ಬಂತು. ಲೈಟ್ಸ್ ಮತ್ತು ಕ್ಯಾಮೆರಾ ಎಂಬೆರಡು ಪದಗಳ ಮೊದಲ ಅಕ್ಷರಗಳು ಕೂಡಿ ಅದಕ್ಕೆ ಲೈಕಾ ಎಂದು ಹೆಸರಾಯಿತು.

ಇನ್ನು ಶಟರಿನ ವಿಚಾರ. ಇಲ್ಲಿ ಎರಡು ಕಾಲಗಳನ್ನು ಬೇರೆ ಬೇರೆಯಾಗಿ ತಿಳಿಯಬೇಕು. ಶಟರ್ ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದು ಒಂದು. ಗುಂಡಿ ಒತ್ತಿದ ಎಷ್ಟು ಹೊತ್ತಿಗೆ ಅದು ತೆರೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದು ವೇಗ, ಎರಡನೆಯದು ವಿಳಂಬ. ಚೆಂಡೆಯ ಪೆಟ್ಟು ಎಷ್ಟು ಚುರುಕಾಗಿದೆ ಎಂಬುದು ಬೇರೆ, ಅದು ಕುಣಿತದ ಹೆಜ್ಜೆಗೆ ಸರಿಯಾಗಿ ಬಿತ್ತೇ ಎಂಬುದು ಬೇರೆ. ಬಡಿತ ಎಷ್ಟೇ ಚುರುಕಾಗಿರಲಿ, ಹೆಜ್ಜೆ ತಪ್ಪಿ ಬಿದ್ದರೆ ಆಟ ಕೆಟ್ಟಿತು.

ಲೈಕಾದಲ್ಲಿ ಫಿಲಮಿನ ಮುಂದೆಯೇ ಬಟ್ಟೆಯ ಎರಡು ಪರದೆಗಳಿರುತ್ತವೆ. ಗುಂಡಿ ಒತ್ತಿದೊಡನೆ ಮೊದಲ ಪರದೆ ಸರಿಯುತ್ತದೆ, ಗೊತ್ತುಪಡಿಸಿದ ಅಂತರದಲ್ಲಿ ಎರಡನೆಯದು ಹಿಂಬಾಲಿಸುತ್ತದೆ. ನಡುವಿನ ಸೀಳು ಕಿರಿದಾದಷ್ಟೂ ಫಿಲಮಿಗೆ ಬೆಳಕು ಬೀಳುವ ಕಾಲ ಕಡಿಮೆ. 1925ರ ಲೈಕಾದಲ್ಲಿ ಸೆಕೆಂಡಿನ 20ರಲ್ಲಿ ಒಂದಂಶದಿಂದ 500ರಲ್ಲಿ ಒಂದಂಶದವರೆಗೆ ವೇಗಗಳಿದ್ದವು. ಮೊದಮೊದಲ ಮಾದರಿಗಳಲ್ಲಿ ಪರದೆಗಳನ್ನು ಮರಳಿ ಬಿಗಿಗೊಳಿಸುವಾಗ ಸೀಳು ಮುಚ್ಚಿಕೊಳ್ಳದೆ ಬೆಳಕು ಒಳಸೇರುತ್ತಿದ್ದುದರಿಂದ ಪ್ರತಿಸಲವೂ ಮಸೂರಕ್ಕೆ ಮುಚ್ಚಳ ಹಾಕಬೇಕಾಗುತ್ತಿತ್ತು. ಬಾರ್ನಾಕ್ ಆ ದೋಷವನ್ನು ಪೇಟೆಗೆ ಬರುವ ಮೊದಲೇ ತಿದ್ದಿದ. ಹೀಗೆ ಬಿಗಿಗೊಳಿಸಿಟ್ಟ ಯಂತ್ರ ಬೇಟೆಗಾರನ ಕೋವಿಯಂತೆ ಸದಾ ಸಿದ್ಧವಾಗಿರುತ್ತಿತ್ತು. ಗುಂಡಿಗೂ ಪರದೆಗೂ ನಡುವೆ ಒಂದು ಕೊಂಡಿಯ ಬಿಡುಗಡೆಯಲ್ಲದೆ ಬೇರೆ ಕೆಲಸವಿಲ್ಲವಾದುದರಿಂದ ವಿಳಂಬ ಸೆಕೆಂಡಿನ ನೂರರಲ್ಲಿ ಒಂದೆರಡು ಅಂಶವಷ್ಟೇ.

ಮುಂದೆ ಬಂದ ಬೇರೆ ಬಗೆಯ ಕ್ಯಾಮೆರಾಗಳೊಂದಿಗೆ ಇದನ್ನು ಹೋಲಿಸಿದರೆ ಇದರ ಬೆಲೆ ತಿಳಿಯುತ್ತದೆ. 1929ರಲ್ಲಿ ಬಂದ ರೋಲಿಫ್ಲೆಕ್ಸ್‌ನಂಥ ಎರಡು ಮಸೂರದ ಕ್ಯಾಮೆರಾದಲ್ಲಿ ಮೇಲಿನ ಮಸೂರ ನೋಡಲಿಕ್ಕೆ, ಕೆಳಗಿನದು ಚಿತ್ರಕ್ಕೆ. ಅದರ ಎಸಳುಗಳಂಥ ಶಟರ್ ನೇರವಾಗಿ ತೆರೆಯುವುದರಿಂದ ಅಲ್ಲಿಯೂ ವಿಳಂಬ ಅತ್ಯಲ್ಪ. ಒಂದೇ ಮಸೂರದ, ಕನ್ನಡಿಯುಳ್ಳ ಕ್ಯಾಮೆರಾದ ಕತೆ ಬೇರೆ. ಅದರಲ್ಲಿ ಮಸೂರದಿಂದ ಬಂದ ಬಿಂಬವನ್ನು ಓರೆಯಾಗಿಟ್ಟ ಕನ್ನಡಿ ನಮ್ಮ ಕಣ್ಣಿಗೆ ತಲಪಿಸುತ್ತದೆ. ಫಿಲಮಿನ ಮೇಲೆ ಬೀಳುವುದನ್ನೇ ಕಣ್ಣಾರೆ ಕಾಣುವ ದೊಡ್ಡ ಲಾಭ ಅದರಲ್ಲಿದೆ. ಆದರೆ ಗುಂಡಿ ಒತ್ತಿದ ಮೇಲೆ ಮೊದಲು ಮಸೂರದ ಕಂಡಿ ಗೊತ್ತಾದ ಅಳತೆಗೆ ಕಿರಿದಾಗಬೇಕು, ಕನ್ನಡಿ ಮೇಲಕ್ಕೆ ಮಡಚಬೇಕು, ಆಮೇಲೆಯೇ ಪರದೆ ಓಡಬೇಕು. ಇದಕ್ಕೆಲ್ಲ ಸೆಕೆಂಡಿನ ನೂರರಲ್ಲಿ ಐದರಿಂದ ಹತ್ತು ಅಂಶ, ಕೆಲವು ಕ್ಯಾಮೆರಾಗಳಲ್ಲಿ ಅದಕ್ಕೂ ಹೆಚ್ಚು ಹಿಡಿಯುತ್ತದೆ. ಚಿತ್ರ ಬೀಳುವ ಕ್ಷಣದಲ್ಲಿ ನೋಡುವ ಕಂಡಿ ಕಪ್ಪಾಗುವುದು ಮತ್ತೊಂದು ತೊಡಕು. ತಾನಾಗಿಯೇ ಬಿಂಬವನ್ನು ಸ್ಪಷ್ಟಗೊಳಿಸುವ ಚಿಕ್ಕ ಕ್ಯಾಮೆರಾಗಳು 1977ರ ಬಳಿಕ ಬಂದವು. ಅವು ಗುಂಡಿ ಒತ್ತಿದ ಮೇಲೆ ದೂರವನ್ನು ಅಳೆದು ಮಸೂರವನ್ನು ಹೊಂದಿಸಿಕೊಳ್ಳುವುದರಿಂದ ಇನ್ನೂ ತಡ. ಈ ವಿಳಂಬವನ್ನು ನೀಗಲು ಜಪಾನಿನ ಕ್ಯಾನನ್ ಸಂಸ್ಥೆ 1965ರಲ್ಲಿ ಅಲುಗಾಡದ ಅರೆಪಾರದರ್ಶಕ ಕನ್ನಡಿಯ ಕ್ಯಾಮೆರಾವನ್ನು ತಂದಿತು. ಅದರಲ್ಲಿ ಸುಮಾರು ಮೂರರಲ್ಲೊಂದು ಪಾಲು ಬೆಳಕು ಫಿಲಮಿಗೆ ದಕ್ಕುವುದಿಲ್ಲ. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕಾದುದು ಯಂತ್ರಗಳ ಲೋಕದಲ್ಲಿಯೂ ತಪ್ಪಿದ್ದಲ್ಲ.

ನಮ್ಮ ಮಕ್ಕಳಿಗೆ ಅರ್ಥವಾಗುವ ಒಂದು ಲೆಕ್ಕ ಹಾಕೋಣ. ನೂರು ಮೀಟರನ್ನು ಹನ್ನೆರಡೂವರೆ ಸೆಕೆಂಡಿನಲ್ಲಿ ಓಡುವ ಹುಡುಗ ಸೆಕೆಂಡಿಗೆ ಸರಾಸರಿ 8 ಮೀಟರ್ ಮುಂದೆ ಹೋಗುತ್ತಾನೆ. ಲೈಕಾದ ನೂರರಲ್ಲಿ ಎರಡು ಅಂಶದ ವಿಳಂಬದಲ್ಲಿ ಅವನು ಸಾಗುವುದು 16 ಸೆಂಟಿಮೀಟರ್, ಒಂದು ಗೇಣಿಗಿಂತ ಕಡಿಮೆ. ಕನ್ನಡಿಯ ಕ್ಯಾಮೆರಾದ ಹತ್ತರಲ್ಲಿ ಒಂದು ಸೆಕೆಂಡಿನಲ್ಲಿ 80 ಸೆಂಟಿಮೀಟರ್. ಇದಕ್ಕೆ ಮನುಷ್ಯಸಹಜವಾದ ವಿಳಂಬವನ್ನೂ ಸೇರಿಸಬೇಕು. ಕಣ್ಣು ಕಂಡದ್ದಕ್ಕೆ ಬೆರಳು ಒತ್ತಲು ಸೆಕೆಂಡಿನ ಐದನೆಯ ಒಂದು ಭಾಗವಾದರೂ ಬೇಕು. ಅಷ್ಟರಲ್ಲಿ ಹುಡುಗ ಇನ್ನೂ 1 ಮೀಟರ್ 60 ಸೆಂಟಿಮೀಟರ್ ಸಾಗಿರುತ್ತಾನೆ. ಹುಡುಗ ಗೆರೆ ಮುಟ್ಟಿದ್ದನ್ನು ಕಂಡು ಗುಂಡಿ ಒತ್ತಿದವನ ಚಿತ್ರದಲ್ಲಿ ಅವನು ಗೆರೆಯಿಂದ ಎರಡೂಕಾಲು ಮೀಟರಿಗೂ ಆಚೆ ಇರುತ್ತಾನೆ.

ಆದುದರಿಂದ ಕ್ಯಾಮೆರಾ ಹಿಡಿದವನು ಕಂಡ ಮೇಲೆ ಒತ್ತುವುದಲ್ಲ, ಕಾಣುವ ಮುನ್ನವೇ ಬರುವುದನ್ನು ಅರಿತು ಒತ್ತಬೇಕು. ಆ ಮುಂಗಾಣ್ಕೆಯನ್ನು ಯಾವ ಯಂತ್ರವೂ ಕೊಡಲಾರದು. ಬಾರ್ನಾಕ್‌ನ ಯಂತ್ರ ಮಾಡಿದ್ದು ಇಷ್ಟೇ: ಮನುಷ್ಯನ ಅಂದಾಜು ಸರಿಯಾಗಿದ್ದರೆ ತಾನು ಅದನ್ನು ಕೆಡಿಸಲಿಲ್ಲ. ಫ್ರಾನ್ಸಿನ ಆನ್ರಿ ಕಾರ್ತಿಯೇ ಬ್ರೆಸ್ಸಾನ್ 1932ರಲ್ಲಿ ಲೈಕಾವನ್ನು ಕೈಗೆತ್ತಿಕೊಂಡು, ಕ್ಷಣವನ್ನು ಹಿಡಿಯುವುದನ್ನೇ ಒಂದು ಸಾಧನೆಯಾಗಿ ಬೆಳೆಸಿದರು. 1948ರ ಜನವರಿ 30ರಂದು, ಮಹಾತ್ಮಾ ಗಾಂಧಿಯವರು ಗುಂಡಿಗೆ ಬಲಿಯಾಗುವ ಕೆಲವೇ ಹೊತ್ತಿನ ಮೊದಲು, ಅವರು ಗಾಂಧೀಜಿಯವರನ್ನು ಭೇಟಿಯಾಗಿದ್ದರು. ಶೋಕತಪ್ತ ದೆಹಲಿಯ ಜನಸಾಗರವನ್ನೂ ಅಂತ್ಯಯಾತ್ರೆಯನ್ನೂ ಚಿತ್ರಿಸಿದರು. 1950ರಲ್ಲಿ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ಕೊನೆಯ ದಿನಗಳನ್ನೂ ದಾಖಲಿಸಿದರು. ಸ್ಟ್ಯಾಂಡು ಹೂಡಿ ಕರಿಬಟ್ಟೆ ಹೊದೆಯುವ ಯಂತ್ರದಿಂದ ಆ ಜನಸಂದಣಿಯ ನಡುವೆ ಅಂಥ ಚಿತ್ರಗಳು ದೊರೆಯುತ್ತಿರಲಿಲ್ಲ.

ಬಾರ್ನಾಕ್ ತನ್ನ ಕೊನೆಯವರೆಗೂ ತಿದ್ದುವುದನ್ನು ಬಿಡಲಿಲ್ಲ. 1930ರಲ್ಲಿ ಮಸೂರಗಳನ್ನು ಬದಲಾಯಿಸಬಲ್ಲ ಲೈಕಾ ಬಂತು. 1932ರಲ್ಲಿ ದೂರವನ್ನು ಅಳೆಯುವ ಸಾಧನ ಮಸೂರದೊಡನೆ ಕೂಡಿಕೊಂಡಿತು. ಅದೇ ವರ್ಷ ಝೈಸ್ ಬಳಗದವರು ಕಾಂಟ್ಯಾಕ್ಸ್ ಎಂಬ ಪ್ರತಿಸ್ಪರ್ಧಿಯನ್ನು ಕಣಕ್ಕಿಳಿಸಿದರು. ಒಂದು ಕಾಲದಲ್ಲಿ ಆತ ದುಡಿದ ಸಂಸ್ಥೆಯೇ ಆತನ ಹಾದಿಯನ್ನು ಹಿಡಿದದ್ದು ಆತನ ಗೆಲುವಿಗೆ ಸಾಕ್ಷಿ. 1933ರಲ್ಲಿ ಒಂದು ಸೆಕೆಂಡಿನವರೆಗಿನ ನಿಧಾನವೇಗಗಳೂ 1935ರಲ್ಲಿ ಸೆಕೆಂಡಿನ ಸಾವಿರದಲ್ಲಿ ಒಂದಂಶದ ವೇಗವೂ ಸೇರಿದವು. ಆದರೆ ಉಬ್ಬಸ ಆತನನ್ನು ಒಳಗಿನಿಂದಲೇ ಸವೆಸುತ್ತಿತ್ತು. 1936ರ ಜನವರಿ 16ರಂದು ಬಾಟ್ ನೌಹೈಮ್ ಎಂಬ ಆರೋಗ್ಯಧಾಮದ ಊರಿನಲ್ಲಿ, ತನ್ನ 56ನೆಯ ವಯಸ್ಸಿನಲ್ಲಿ, ಆಸ್ಕರ್ ಬಾರ್ನಾಕ್ ಇಹಲೋಕವನ್ನು ತ್ಯಜಿಸಿದ. ಕಾಕತಾಳೀಯವೆಂಬಂತೆ, ಅದೇ ವರ್ಷ ಡ್ರೆಸ್ಡೆನ್ ನಗರದಿಂದ 35 ಮಿಲಿಮೀಟರ್ ಫಿಲಮಿನ ಕನ್ನಡಿ ಕ್ಯಾಮೆರಾ ಕಿನೆ ಎಕ್ಸಾಕ್ಟಾ ಬಂತು. ಮುಂದಿನ ಅರ್ಧಶತಮಾನದಲ್ಲಿ ಆ ಜಾತಿಯೇ ಲೋಕವನ್ನು ಗೆದ್ದಿತು. ಆದರೆ ಗೆದ್ದ ಆ ಜಾತಿಯೂ ಬಳಸಿದ್ದು ಬಾರ್ನಾಕ್ ಗೊತ್ತುಮಾಡಿದ ಚೌಕಟ್ಟನ್ನೇ.

1979ರಲ್ಲಿ, ಆತನ ಜನ್ಮಶತಾಬ್ದಿಯ ವರ್ಷದಿಂದ, ಆತನ ಹೆಸರಿನ ಛಾಯಾಗ್ರಹಣ ಪ್ರಶಸ್ತಿ ನಡೆದುಬಂದಿದೆ. 1923ರ ಪರೀಕ್ಷಾರ್ಥ ಕ್ಯಾಮೆರಾಗಳಲ್ಲಿ ಆತ ಸ್ವತಃ ಇಟ್ಟುಕೊಂಡಿದ್ದ ಒಂದು 2022ರಲ್ಲಿ ವೆಟ್ಸ್ಲರಿನಲ್ಲಿ ಹರಾಜಾದಾಗ ಒಟ್ಟು 1 ಕೋಟಿ 44 ಲಕ್ಷ ಯೂರೋ ಬೆಲೆ ಬಂತು. ಆತ ಬದುಕಿದ್ದಾಗ ಸಂಬಳದ ಕೆಲಸಗಾರನಾಗಿದ್ದ. ಹಣವಂತರ ಕಪಾಟು ಸೇರಲೆಂದು ಆತ ಆ ಯಂತ್ರವನ್ನು ಮಾಡಲಿಲ್ಲ, ಏದುಸಿರು ಬಿಡುತ್ತ ಗುಡ್ಡವೇರುವವನ ಹೆಗಲಿಗೆ ಹಗುರವಾಗಲೆಂದು ಮಾಡಿದ.

ಈ ಜೀವನವನ್ನು ಓದಿ ಮುಗಿಸಿದ ದಿನ ನನಗೆ ನಮ್ಮ ಆ ಛಾಯಾಗ್ರಾಹಕರ ನೆನಪಾಯಿತು. ಅವರ ಹೆಗಲಿನಲ್ಲಿದ್ದುದು ಕನ್ನಡಿಯ ಕ್ಯಾಮೆರಾ. ಅವರು ಒತ್ತಿದ್ದು ಸರಿಯಾದ ಹೊತ್ತಿಗೇ. ನಡುವೆ ಕಳೆದುಹೋದ ಎರಡೂಕಾಲು ಮೀಟರಿನಲ್ಲಿ ಅವರ ಅಲಕ್ಷ್ಯವಿರಲಿಲ್ಲ, ಬರೇ ಯಂತ್ರದ ಮತ್ತು ದೇಹದ ಧರ್ಮವಿತ್ತು. ಕ್ಷಮೆ ಕೇಳೋಣವೆಂದು ವಿಚಾರಿಸಿದಾಗ ಅವರು ತೀರಿಹೋಗಿ ಎರಡು ವರ್ಷ ಕಳೆದಿತ್ತು. ವಿಳಂಬ ಯಂತ್ರದಲ್ಲಿ ಮಾತ್ರ ಇರುವುದಲ್ಲ. ನನ್ನದು ಹಲವು ವರ್ಷಗಳ ವಿಳಂಬ.

ಹಿಮ್ಮಡಿಯೊಂದೇ ಕಾಣುವ ಆ ಚಿತ್ರವನ್ನು ಈ ಸಂಚಿಕೆಯಲ್ಲಿ ಸೇರಿಸಬೇಕೆಂದು ಸಂಪಾದಕ ಮಂಡಳಿಯವರಲ್ಲಿ ಕೇಳಿಕೊಂಡಿದ್ದೇನೆ. ಅದು ಯಾರ ಕಾಲೆಂದು ಆ ವರ್ಷದ ಮಕ್ಕಳಿಗೆಲ್ಲ ತಿಳಿದಿದೆ. ಅದನ್ನು ತೆಗೆದವರು ತಪ್ಪು ಮಾಡಿರಲಿಲ್ಲವೆಂಬುದೂ ಇನ್ನು ತಿಳಿದಿರಲಿ.